ಮಲ್ಲಯ್ಯನ ದಾರಿ: ಹೊರಡುವ ಮುನ್ನ ಪಾದಗಳನ್ನು ನೋಡಿಕೊಳ್ಳಿ

ಸಂಕ್ರಾಂತಿ ಮುಗಿಯುತ್ತಿದ್ದಂತೆಯೇ ಬಾಗಲಕೋಟೆ, ವಿಜಯಪುರ, ಬೆಳಗಾವಿ, ರಾಯಚೂರು ಭಾಗದ ಹಳ್ಳಿಗಳಲ್ಲಿ ಒಂದು ಪ್ರಶ್ನೆ ಕಿವಿಗೆ ಬೀಳತೊಡಗುತ್ತದೆ: “ಈ ಸಲ ಮಲ್ಲಯ್ಯನ ಕಡೆ ಯಾರ್ಯಾರು ಹೊಂಟೀರಿ?” ಹೋಳಿ ಹುಣ್ಣಿಮೆಯ ಆಚೀಚೆ ಕಂಬಿ ಹೊತ್ತು ಹೊರಡುವ ತಂಡಗಳು ಯುಗಾದಿಯ ಹೊತ್ತಿಗೆ ಶ್ರೀಶೈಲವನ್ನು ಸೇರುತ್ತವೆ. ಭ್ರಮರಾಂಬೆಯನ್ನು ಮನೆಮಗಳೆಂದೂ ಮಲ್ಲಿಕಾರ್ಜುನನನ್ನು ಅಳಿಯನೆಂದೂ ಭಾವಿಸಿ, ಮಗಳಿಗೆ ಸೀರೆ-ಬಳೆ ಒಯ್ಯುವ ಈ ನಡಿಗೆಯ ಮಹಿಮೆಯನ್ನು ಬಣ್ಣಿಸುವ ಅಧಿಕಾರ ನನ್ನದಲ್ಲ. ಅದನ್ನು ಪೂಜ್ಯರ ಬಾಯಿಂದಲೇ ಕೇಳಬೇಕು. ವೈದ್ಯನಾದ ನಾನು ಬರೆಯಹೊರಟಿರುವುದು ನಡೆಯುವ ಕಾಲುಗಳ ವಿಷಯವನ್ನು. ಅದರಲ್ಲಿಯೂ ಮೊದಲ ಬಾರಿಗೆ ಹೊರಡುವವರನ್ನು ಉದ್ದೇಶಿಸಿಯೇ ಈ ಲೇಖನ.

ಬಾಗಲಕೋಟೆಯ ಕಡೆಯಿಂದ ಹೊರಟವರಿಗೆ ಸುಮಾರು 400 ಕಿ.ಮೀ. ದಾರಿ. ದಿನಕ್ಕೆ 30ರಿಂದ 35 ಕಿ.ಮೀ.ನಂತೆ ಹನ್ನೆರಡು-ಹದಿಮೂರು ದಿನಗಳ ನಡಿಗೆ. ನಮ್ಮ ತಂದೆಯವರ ಕಾಲದ ರೈತರಿಗೆ ಇದು ದೊಡ್ಡ ಮಾತಾಗಿರಲಿಲ್ಲ. ಹೊಲಕ್ಕೆ, ಸಂತೆಗೆ, ಬೀಗರ ಊರಿಗೆ ನಡೆದೇ ಹೋಗುತ್ತಿದ್ದವರು ಅವರು. ಇಂದು ಹೊಲಕ್ಕೂ ಮೋಟಾರ್ ಸೈಕಲ್ಲಿನಲ್ಲಿ ಹೋಗುವವರು, ಬೆಂಗಳೂರು-ಪುಣೆಗಳಲ್ಲಿ ದಿನವಿಡೀ ಕುರ್ಚಿಯಲ್ಲಿ ಕುಳಿತು ದುಡಿಯುವವರು, ಅದೇ ದಾರಿಯನ್ನು ಅಷ್ಟೇ ದಿನಗಳಲ್ಲಿ ಕ್ರಮಿಸಲು ಬೆನ್ನಿಗೆ ಚೀಲ ಹಾಕಿಕೊಂಡು ಬರುತ್ತಿದ್ದಾರೆ. ಭಕ್ತಿಯಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ಅಭ್ಯಾಸದಲ್ಲಿ.

ಸುಮಾರು ಹದಿನಾರು ವರ್ಷಗಳ ಹಿಂದಿನ ಮಾತು. ಶಿವರಾತ್ರಿ ಕಳೆದ ಮೇಲೆ ಐವತ್ತಾರು ವಯಸ್ಸಿನ ರೈತರೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದರು. ಒಂಬತ್ತು ವರ್ಷಗಳಿಂದ ಮಧುಮೇಹವಿದ್ದವರು.

“ಸಾಹೇಬ್ರ, ಕಾಲಿಗೆ ಹಚ್ಕೊಳ್ಳಾಕ ಒಂದೀಟು ಎಣ್ಣಿ ಕೊಡ್ರಿ. ಮಲ್ಲಯ್ಯನ ಕಡೆ ಹೊಂಟೀನಿ. ಬರಿಗಾಲಲೆ ಬರ್ತೀನಂತ ಹರಕಿ ಹೊತ್ತೀನಿ.”

“ಸಕ್ಕರಿ ಎಷ್ಟೈತಿ ಯಜಮಾನ್ರ?”

“ಗುಳಿಗಿ ತಗೊಳ್ಳಾಕ ಹತ್ತೀನ್ರಿ. ಏನೂ ತ್ರಾಸಿಲ್ಲ.”

ಅಂದು ಹೊರಗೆ ಹತ್ತಾರು ರೋಗಿಗಳು ಕಾಯುತ್ತಿದ್ದರು. ನಾನು ಎಣ್ಣೆಯ ಬಾಟಲಿಯನ್ನು ಕೊಟ್ಟೆ, ಹಣ ಬೇಡವೆಂದೆ, ಕೈಮುಗಿದು ಕಳುಹಿಸಿದೆ. ಅವರ ಪಾದಗಳನ್ನು ನೋಡಲಿಲ್ಲ. ಯುಗಾದಿಯಾಗಿ ಒಂದು ವಾರದ ಮೇಲೆ ಅವರ ಮಗ ಟಂಟಂನಲ್ಲಿ ತಂದೆಯನ್ನು ಕರೆತಂದ. ಎರಡೂ ಅಂಗಾಲುಗಳ ಚರ್ಮ ಸುಟ್ಟು ಸುಲಿದಿತ್ತು. ಬಲಗಾಲಿನ ಎರಡು ಬೆರಳುಗಳು ಕಪ್ಪಾಗಿದ್ದವು. ಮಧ್ಯಾಹ್ನದ ಡಾಂಬರು ರಸ್ತೆಯ ಮೇಲೆ ಹನ್ನೆರಡು ದಿನ ನಡೆದಿದ್ದರು. “ಉರಿ ಅನ್ನೂದ ಗೊತ್ತಾಗಲಿಲ್ರಿ” ಎಂದರು. ಗೊತ್ತಾಗದಿರುವುದೇ ರೋಗವಾಗಿತ್ತು. ಆ ಎರಡು ಬೆರಳುಗಳನ್ನು ನಗರದ ಶಸ್ತ್ರಚಿಕಿತ್ಸಕರು ತೆಗೆಯಬೇಕಾಯಿತು. ಅವರು ನನ್ನನ್ನು ಎಂದೂ ದೂರಲಿಲ್ಲ. ಆದರೆ ಒಂದು ನಿಮಿಷ ಬಾಗಿ ಕಾಲು ಮುಟ್ಟಿ ನೋಡಿದ್ದರೆ ತಿಳಿಯಬಹುದಾಗಿದ್ದ ಸಂಗತಿಯನ್ನು ನಾನು ಬಿಟ್ಟುಬಿಟ್ಟಿದ್ದೆ.

ಆ ಒಂದು ನಿಮಿಷದ ಪರೀಕ್ಷೆಯನ್ನು ನೀವು ಮನೆಯಲ್ಲಿಯೇ ಮಾಡಬಹುದು. ಮಧುಮೇಹವಿರುವವರು ಕಣ್ಣು ಮುಚ್ಚಿ ಮಲಗಲಿ. ಮನೆಯವರು ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ತಮ್ಮ ತೋರುಬೆರಳಿನಿಂದ ಒಂದೆರಡು ಕ್ಷಣ ಹಗುರವಾಗಿ ಮುಟ್ಟಲಿ, ಒತ್ತಬಾರದು, ತಿಕ್ಕಬಾರದು. ಮುಟ್ಟಿದಾಗಲೆಲ್ಲ ಮಲಗಿದವರು “ಬಲ”, “ಎಡ” ಎಂದು ಹೇಳಬೇಕು. ಆರು ಸ್ಪರ್ಶಗಳಲ್ಲಿ ಎರಡು ತಿಳಿಯದೆ ಹೋದರೂ ಪಾದದ ಸಂವೇದನೆ ಕುಂದಿದೆಯೆಂದೇ ಅರ್ಥ. ಅಂಥವರು ವೈದ್ಯರಿಗೆ ತೋರಿಸದೆ ದೀರ್ಘ ಪಾದಯಾತ್ರೆಗೆ ಹೊರಡಬಾರದು. ಬರಿಗಾಲಿನಲ್ಲಂತೂ ನಾಲ್ಕು ಹೆಜ್ಜೆಯನ್ನೂ ಇಡಬಾರದು.

ಬರಿಗಾಲಿನ ಹರಕೆಯ ವಿಷಯದಲ್ಲಿ ವೈದ್ಯನ ಮಾತು ಮನಸ್ಸಿಗೆ ಒಪ್ಪದಿದ್ದರೆ ಶ್ರೀಮಠಕ್ಕೆ ಬಂದು ಗುರುಗಳ ಅಪ್ಪಣೆ ಕೇಳಿರಿ. ಸುಟ್ಟ ಕಾಲನ್ನು ಕಾಣಿಕೆಯಾಗಿ ಕೇಳುವ ಗುರುವನ್ನು ನಾನಂತೂ ಕಂಡಿಲ್ಲ. ನಮ್ಮ ಪ್ರಾಚೀನ ಆಚಾರ್ಯರು ಪಾದರಕ್ಷೆಯನ್ನು ವಿಲಾಸದ ವಸ್ತುವೆಂದು ಭಾವಿಸಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಸ್ವಸ್ಥನ ದಿನಚರಿಯನ್ನು ಹೇಳುವಾಗ, ಪಾದತ್ರಾಣವು ಕಣ್ಣಿಗೂ ಚರ್ಮಕ್ಕೂ ಹಿತ, ಪಾದಗಳ ಬಾಧೆಯನ್ನು ಕಳೆಯುವಂಥದು ಎಂದು ಹೇಳಲಾಗಿದೆ. ಕೊಡೆ ಮತ್ತು ಊರುಗೋಲಿನ ಗುಣಗಳನ್ನೂ ಅಲ್ಲಿಯೇ ಹೇಳಿದ್ದಾರೆ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಕೊಡೆ ಹಿಡಿದು, ಪಾದರಕ್ಷೆ ಧರಿಸಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯಬೇಕೆನ್ನುತ್ತಾನೆ. ಮೊಬೈಲ್ ನೋಡುತ್ತ ನಡೆಯುವ ಇಂದಿನ ಯುವಕರಿಗೆ ಈ ಕೊನೆಯ ಮಾತನ್ನು ಎರಡು ಬಾರಿ ಹೇಳಬೇಕಾಗಿದೆ.

ಅಭ್ಯಾಸವನ್ನು ಸಂಕ್ರಾಂತಿಯಿಂದಲೇ ಆರಂಭಿಸುವುದು ಉತ್ತಮ. ಮೊದಲ ವಾರ ಬೆಳಿಗ್ಗೆ 3 ಕಿ.ಮೀ. ಸಾಕು. ವಾರವಾರಕ್ಕೂ ಸ್ವಲ್ಪ ಸ್ವಲ್ಪವೇ ಏರಿಸುತ್ತ, ಒಂದು ತಿಂಗಳು ಕಳೆಯುವಷ್ಟರಲ್ಲಿ ವಾರಕ್ಕೊಮ್ಮೆಯಾದರೂ 12 ಕಿ.ಮೀ. ನಡೆಯುವಂತಾಗಬೇಕು. ವ್ಯಾಯಾಮವನ್ನು ಅರ್ಧಶಕ್ತಿಯವರೆಗೆ ಮಾತ್ರ ಮಾಡಬೇಕೆಂಬುದು ಆಯುರ್ವೇದದ ನಿಯಮ. ಹಣೆ, ಮೂಗು, ಕಂಕುಳು, ಕೀಲುಗಳಲ್ಲಿ ಬೆವರೊಡೆದು, ಬಾಯಿ ಒಣಗಿ, ಬಾಯಿಂದ ಉಸಿರಾಡುವಂತಾದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿಯಬೇಕು. ಅಲ್ಲಿ ನಿಂತು ದಣಿವಾರಿಸಿಕೊಳ್ಳಬೇಕು. ಹೀಗೆ ಅರ್ಧದಲ್ಲಿ ನಿಲ್ಲಿಸುವವನ ಆ ಅರ್ಧವೇ ತಿಂಗಳಿಂದ ತಿಂಗಳಿಗೆ ಹಿಗ್ಗುತ್ತ ಹೋಗುತ್ತದೆ. ಹೊರಡಲು ಹತ್ತು ದಿನಗಳಿರುವಾಗ, ಒಯ್ಯಲಿರುವ ಚೀಲವನ್ನೇ ಬೆನ್ನಿಗೇರಿಸಿ, ಹಾಕಲಿರುವ ಬೂಟನ್ನೇ ಹಾಕಿ, ಬೆನ್ನುಬೆನ್ನಿಗೆ ಎರಡು ದಿನ 20 ಕಿ.ಮೀ.ನಂತೆ ನಡೆಯಿರಿ. ಮೊದಲ ದಿನ ಯಾರಾದರೂ ಉತ್ಸಾಹದಿಂದ ನಡೆದುಬಿಡುತ್ತಾರೆ. ನಿಮ್ಮ ಮೊಣಕಾಲು, ಹಿಮ್ಮಡಿಗಳ ನಿಜವಾದ ಸ್ಥಿತಿಯನ್ನು ಹೇಳುವುದು ಎರಡನೆಯ ದಿನ. ಹೃದ್ರೋಗ, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ಈ ಅಭ್ಯಾಸಕ್ಕೆ ಮುಂಚೆಯೇ ತಮ್ಮ ವೈದ್ಯರನ್ನು ಕಂಡು, ಬಿಸಿಲಿನ ನಡಿಗೆಯಲ್ಲಿ ಮಾತ್ರೆಗಳ ಪ್ರಮಾಣವನ್ನು ಬದಲಿಸಬೇಕೇ ಎಂದು ಕೇಳಿ ತಿಳಿಯಬೇಕು. ಮಧುಮೇಹದ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ದೀರ್ಘ ನಡಿಗೆಯಿಂದ ಸಕ್ಕರೆ ದಿಢೀರನೆ ಇಳಿಯಬಹುದು. ಅವರ ಜೇಬಿನಲ್ಲಿ ಸಕ್ಕರೆ ಅಥವಾ ಬೆಲ್ಲದ ಚೂರು ಸದಾ ಇರಲಿ; ಅದು ಇದೆಯೆಂದು ಜೊತೆಗಾರನಿಗೂ ತಿಳಿದಿರಲಿ.

ನಾನು ಮೊದಲ ಸಲ ನಡೆದದ್ದು ಐವತ್ತರ ವಯಸ್ಸಿನಲ್ಲಿ. ವೈದ್ಯನಾದ ನನಗೆ ಯಾರೇನು ಹೇಳಬೇಕು ಎಂಬ ಭಾವನೆಯಿತ್ತು. ಹಿಂದಿನ ದಿನ ಕೊಂಡ ಹೊಸ ಬೂಟು, ನೈಲಾನಿನ ಕಾಲುಚೀಲ, ಬೆನ್ನ ಮೇಲೆ 11 ಕೆ.ಜಿ. ಚೀಲ. ಅದರಲ್ಲಿ ಲೇಹ್ಯದ ಮೂರು ಡಬ್ಬಿ, ತೈಲದ ನಾಲ್ಕು ಬಾಟಲಿ, ದಪ್ಪನೆಯ ಜಮಖಾನೆ, ಒಂದು ಹಿತ್ತಾಳೆಯ ಚೊಂಬು! ಲಿಂಗಸುಗೂರು ತಲುಪುವಷ್ಟರಲ್ಲಿ ಎರಡೂ ಹಿಮ್ಮಡಿಗಳಲ್ಲಿ ಬೊಬ್ಬೆ ಎದ್ದು ಒಡೆದಿದ್ದವು. ಅಂದು ಸಂಜೆ ಅರವಟ್ಟಿಗೆಯೊಂದರಲ್ಲಿ ಬಿಸಿನೀರಿನ ಬುಟ್ಟಿ ಇಟ್ಟು ಯಾತ್ರಿಕರ ಕಾಲು ತೊಳೆಯುತ್ತಿದ್ದ ತಾಯಿಯೊಬ್ಬರು ನನ್ನ ಕಾಲು ನೋಡಿ, “ಏನ್ರೀ ಅಪ್ಪಾರ, ಹೊಸಾ ಬೂಟ್ ಹಾಕ್ಕೊಂಡು ಯಾರರ ಬರ್ತಾರೇನ್ರಿ?” ಎಂದು ನಕ್ಕರು. ನನ್ನ ವೈದ್ಯಕೀಯ ಪದವಿ ಆ ತಾಯಿಯ ಮುಂದೆ ಪ್ರಯೋಜನಕ್ಕೆ ಬರಲಿಲ್ಲ. ಚೀಲದ ಅರ್ಧ ಸಾಮಾನನ್ನು ತಂಡದ ಟ್ರ್ಯಾಕ್ಟರಿಗೆ ಹಾಕಿದೆ.

ಆದುದರಿಂದ ಬೂಟನ್ನು ಯಾತ್ರೆಗೆ ಒಂದೂವರೆ-ಎರಡು ತಿಂಗಳು ಮುಂಚೆಯೇ ಕೊಳ್ಳಿರಿ. ಕೊಳ್ಳುವುದು ಸಂಜೆಯಾಗಿರಲಿ, ಏಕೆಂದರೆ ದಿನವಿಡೀ ನಡೆದ ಪಾದ ಸ್ವಲ್ಪ ಊದಿರುತ್ತದೆ. ಹೆಬ್ಬೆರಳಿನ ಮುಂದೆ ಒಂದು ಬೆರಳಿನ ಅಗಲದಷ್ಟು ಜಾಗವಿರಬೇಕು. ಉಗುರುಗಳನ್ನು ನೇರವಾಗಿ ಕತ್ತರಿಸಿಕೊಳ್ಳಿ, ಇಲ್ಲವಾದರೆ ಇಳಿಜಾರಿನಲ್ಲಿ ಅವು ಬೂಟಿಗೆ ತಾಗಿ ಕಪ್ಪಾಗುತ್ತವೆ. ಮೂರು ಜೊತೆ ಕಾಲುಚೀಲಗಳಿರಲಿ. ಒದ್ದೆಯಾದುದನ್ನು ಮಧ್ಯಾಹ್ನವೇ ಬದಲಿಸಿ, ಚೀಲದ ಹೊರಗೆ ಕಟ್ಟಿದರೆ ನಡೆಯುತ್ತಲೇ ಒಣಗುತ್ತದೆ. ಎಲ್ಲಿಯಾದರೂ ಚರ್ಮ ಬಿಸಿಯಾಗಿ ಉರಿಯತೊಡಗಿದರೆ ಅದೇ ಬೊಬ್ಬೆಯ ಪೂರ್ವರೂಪ. “ಮುಂದಿನ ಊರಲ್ಲಿ ನೋಡೋಣ” ಎನ್ನದೆ ಆ ಕ್ಷಣವೇ ಕುಳಿತು, ಒರೆಸಿ, ಅಂಟುಪಟ್ಟಿ ಹಾಕಬೇಕು. ಎದ್ದ ಬೊಬ್ಬೆಯನ್ನು ಸೂಜಿಯಿಂದ ಚುಚ್ಚಬೇಡಿ. ಅದರ ಮೇಲಿನ ಚರ್ಮವೇ ಅದರ ಔಷಧಿ. ತಾನಾಗಿ ಒಡೆದರೆ ಶುದ್ಧ ನೀರಿನಲ್ಲಿ ತೊಳೆದು ಸ್ವಚ್ಛ ಪಟ್ಟಿ ಕಟ್ಟಬೇಕು. ರಾತ್ರಿ ಪಾದಾಭ್ಯಂಗ ಮಾಡಿಕೊಳ್ಳಿ. ಎಳ್ಳೆಣ್ಣೆ ಸಾಕು, ಅಂಗಾಲು ಉರಿಯುವವರಿಗೆ ಶತಧೌತ ಘೃತ ಹಿತಕರ. ಬೆಳಿಗ್ಗೆ ಕಾಲು ತೊಳೆದು, ಬೆರಳ ಸಂದುಗಳನ್ನು ಒಣಗಿಸಿಯೇ ಬೂಟು ಹಾಕಬೇಕು. ಎಣ್ಣೆಯಿಂದ ನೆನೆದ ಚರ್ಮ ಬೂಟಿನೊಳಗೆ ಬೇಗ ಸುಲಿಯುತ್ತದೆ.

ಚೀಲದ ಭಾರ ಮೊದಲ ಸಲದವರಿಗೆ ತಮ್ಮ ತೂಕದ ಹತ್ತನೆಯ ಒಂದು ಭಾಗವನ್ನು ಮೀರದಿರಲಿ ಎಂಬುದು ನನ್ನ ಸಲಹೆ. ಎರಡು ಜೊತೆ ಬಟ್ಟೆ, ತೆಳುವಾದ ಹೊದಿಕೆ, ನೀರು, ಟೋಪಿ ಅಥವಾ ರುಮಾಲು, ಬ್ಯಾಟರಿ, ನಿತ್ಯದ ಔಷಧಿ, ಪಟ್ಟಿ, ಓ.ಆರ್.ಎಸ್. ಪೊಟ್ಟಣ, ಹೆಸರು-ರೋಗ-ಔಷಧಿ-ಮನೆಯ ದೂರವಾಣಿ ಬರೆದ ಚೀಟಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬುತ್ತಿಯಲ್ಲಿದ್ದರೆ ಬೇರೆ ತಿಂಡಿಗಳ ಅವಶ್ಯಕತೆಯಿಲ್ಲ. ಚರಕನು ಶ್ರಮಹರ ದ್ರವ್ಯಗಳೆಂದು ಹತ್ತನ್ನು ಎಣಿಸಿದ್ದಾನೆ. ಅದರಲ್ಲಿ ದ್ರಾಕ್ಷಿ, ಖರ್ಜೂರ, ಬೋರೆ, ದಾಳಿಂಬೆ, ಕಬ್ಬುಗಳಿವೆ. ವಿಜಯಪುರದ ಒಣದ್ರಾಕ್ಷಿ ಒಂದು ಮುಷ್ಟಿ, ನಾಲ್ಕು ಖರ್ಜೂರ ಜೇಬಿನಲ್ಲಿದ್ದರೆ ಮಧ್ಯಾಹ್ನದ ಬಳಲಿಕೆಗೆ ಅದಕ್ಕಿಂತ ಬೇರೆ ಬೇಡ. ಮಧುಮೇಹಿಗಳು ಮಾತ್ರ ಇದನ್ನೂ ಅಳತೆಯಲ್ಲಿ ತಿನ್ನಬೇಕು.

ಊಟದ ವಿಷಯದಲ್ಲಿ ಈ ದಾರಿಯ ಕಷ್ಟವೇ ಬೇರೆ. ಹಸಿವಿನಿಂದ ನರಳಿದ ಪಾದಯಾತ್ರಿಯನ್ನು ನಾನು ಕಂಡಿಲ್ಲ. ಹೆಚ್ಚು ಉಂಡು ನರಳಿದವರಿಗೆ ಲೆಕ್ಕವಿಲ್ಲ. ಊರೂರಿಗೂ ದಾಸೋಹ. ಒಂದು ಊರಿನಲ್ಲಿ ಗೋಧಿ ಹುಗ್ಗಿ, ಮುಂದಿನ ಊರಿನಲ್ಲಿ ಸಜ್ಜಕ, ಅದರಾಚೆ ಮಿರ್ಚಿ ಭಜಿ. ಕೈಮುಗಿದು ಕರೆಯುವ ಭಕ್ತರಿಗೆ ಒಲ್ಲೆನೆನ್ನಲಾಗದು. ಪ್ರಸಾದವೆಂದು ಒಂದು ತುತ್ತು ಸ್ವೀಕರಿಸಿ ಮುಂದೆ ನಡೆದರೆ ದಾಸೋಹಿಗಳಿಗೂ ಬೇಸರವಿಲ್ಲ, ಹೊಟ್ಟೆಗೂ ಬೇಸರವಿಲ್ಲ. ಹೊಟ್ಟೆಯ ಎರಡು ಪಾಲು ಅನ್ನಕ್ಕೆ, ಒಂದು ಪಾಲು ದ್ರವಕ್ಕೆ, ಒಂದು ಪಾಲು ವಾಯುವಿಗೆ ಎಂಬ ವಾಗ್ಭಟನ ಲೆಕ್ಕ ನಡೆಯುವವನಿಗೆ ಇನ್ನಷ್ಟು ಸಲ್ಲುತ್ತದೆ.

ಯುಗಾದಿಯ ಸಮಯ ಪಂಚಾಂಗದಲ್ಲಿ ವಸಂತ ಋತುವಿನ ಬಾಗಿಲು. ಕರ್ನೂಲಿನ ಬಯಲಿನಲ್ಲಿ ಮಾತ್ರ ಆಗಲೇ ಗ್ರೀಷ್ಮ ಕಾಲಿಟ್ಟಿರುತ್ತದೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ನಡೆದು ಹತ್ತೂವರೆಯೊಳಗೆ ನೆರಳು ಸೇರಬೇಕು; ನಾಲ್ಕು ಗಂಟೆಯ ಮೇಲೆ ಮತ್ತೆ ಹೊರಡಬೇಕು. ಬಿಸಿಲಿನಲ್ಲಿ ನಡೆಯುವಾಗ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರಿನಷ್ಟು ನೀರನ್ನು ಗುಟುಕು ಗುಟುಕಾಗಿ ಕುಡಿಯಬೇಕು. ಬರೀ ನೀರನ್ನೇ ಚೊಂಬುಗಟ್ಟಲೆ ಸುರಿದುಕೊಳ್ಳುವುದೂ ಅಪಾಯ, ಬೆವರಿನೊಡನೆ ಹೋದ ಉಪ್ಪು ಹಿಂದಿರುಗಬೇಕು. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಒಳ್ಳೆಯವು. ಓ.ಆರ್.ಎಸ್.ನ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಹಾಕಬೇಕು, ಒಂದು ಲೋಟಕ್ಕಲ್ಲ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮೂತ್ರ ಕಡುಹಳದಿಯಾಗಿದ್ದರೆ ನೀರು ಸಾಲದೆಂದು ತಿಳಿಯಿರಿ.

ಇಲ್ಲಿ ತಾಯಂದಿರಿಗೆ ಒಂದು ಮಾತು. ದಾರಿಯಲ್ಲಿ ಮರೆಯಿಲ್ಲವೆಂಬ ಸಂಕೋಚದಿಂದ ನೀರನ್ನೇ ಕುಡಿಯದೆ ನಡೆಯುವ ಹೆಣ್ಣುಮಕ್ಕಳು ಬಹಳ. ವಾಗ್ಭಟನು ತಡೆಯಬಾರದ ಹದಿಮೂರು ವೇಗಗಳನ್ನು ಹೇಳುವಲ್ಲಿ ಮೂತ್ರವನ್ನೂ ಬಾಯಾರಿಕೆಯನ್ನೂ ಸೇರಿಸಿದ್ದಾನೆ. ನಾಲ್ಕು ಜನ ತಾಯಂದಿರು ಕೂಡಿ, ಒಂದು ಸೀರೆಯನ್ನು ಮರೆ ಹಿಡಿದರೆ ಆ ಸಂಕಟ ನೀಗುತ್ತದೆ. ತಂಡದ ಮುಖಂಡರು ಪ್ರತಿ ಎರಡು ಗಂಟೆಗೊಮ್ಮೆ ಇದಕ್ಕೆಂದೇ ನಿಲ್ಲಬೇಕು, ಮತ್ತು ತಾಯಂದಿರು ಕೇಳುವವರೆಗೆ ಕಾಯಬಾರದು.

ಆ ಹದಿಮೂರರಲ್ಲಿ ಇನ್ನೊಂದು ‘ಶ್ರಮಶ್ವಾಸ’. ದಣಿದಾಗ ಏಳುವ ಏದುಸಿರನ್ನು ಅದುಮಿ ಮುಂದೆ ನಡೆದರೆ ಹೃದ್ರೋಗವೂ ಸಮ್ಮೋಹವೂ ಬರುತ್ತವೆ, ಅದಕ್ಕೆ ಮದ್ದು ವಿಶ್ರಾಂತಿ ಎನ್ನುತ್ತಾನೆ ಆಚಾರ್ಯ. ಸಮ್ಮೋಹವೆಂದರೆ ಬುದ್ಧಿ ಮಸುಕಾಗುವುದು. ಅದನ್ನು ನಾನು ನಲ್ಲಮಲ ಅಡವಿಯಲ್ಲಿ ಕಣ್ಣಾರೆ ಕಂಡೆ.

ಆತ್ಮಕೂರು ದಾಟಿ ವೆಂಕಟಾಪುರದ ಬಳಿ ಅಡವಿಯನ್ನು ಹೊಕ್ಕರೆ ನಾಗಲೂಟಿ, ಪೆದ್ದಚೆರುವು, ಭೀಮುನಿಕೊಲನು, ಕೊನೆಗೆ ಕೈಲಾಸದ್ವಾರ. ಶ್ರೀಶೈಲಕ್ಕೆ ಮೆಟ್ಟಿಲುಗಳನ್ನು ಕಟ್ಟಿಸಿದವನು 14ನೆಯ ಶತಮಾನದ ರೆಡ್ಡಿ ಅರಸ ಪ್ರೋಲಯ ವೇಮನೆಂದು ಇತಿಹಾಸ ಹೇಳುತ್ತದೆ. ಎಲೆ ಉದುರಿದ ಕಾಡು, ನೆರಳು ವಿರಳ, ಹುಲಿಗಳಿರುವ ರಕ್ಷಿತಾರಣ್ಯ. ಗುಂಪು ಬಿಟ್ಟು ಹೋಗಬಾರದು, ಸೂರ್ಯಾಸ್ತದ ಮೇಲೆ ನಡೆಯಬಾರದು, ಪ್ಲಾಸ್ಟಿಕ್ ಎಸೆಯಬಾರದು. ಭೀಮುನಿಕೊಲನಿನ ಕಣಿವೆಗೆ ಇಳಿದು ಮತ್ತೆ ಹತ್ತುವ ಭಾಗವೇ ಇಡೀ ಯಾತ್ರೆಯ ಕಠಿಣ ಭಾಗ. ಹನ್ನೊಂದು ದಿನ ನಡೆದು ದಣಿದ ಮೇಲೆ ಅದು ಎದುರಾಗುತ್ತದೆ.

ನನ್ನ ಎರಡನೆಯ ಯಾತ್ರೆಯಲ್ಲಿ, ಆ ಏರಿನಲ್ಲಿ, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಇಪ್ಪತ್ನಾಲ್ಕರ ಯುವಕನೊಬ್ಬ ಮಧ್ಯಾಹ್ನ ಎರಡರ ಸುಮಾರಿಗೆ ತಲೆನೋವೆಂದ, ವಾಂತಿ ಮಾಡಿಕೊಂಡ. ಸ್ವಲ್ಪ ಹೊತ್ತಿನಲ್ಲಿ ತೊಡರು ಮಾತು, ತೂರಾಟ. ಸುತ್ತಲಿನವರು “ಮೈಮ್ಯಾಲ ಮಲ್ಲಯ್ಯ ಬಂದಾನ” ಎಂದು ಕೈಮುಗಿಯತೊಡಗಿದರು. ಒಬ್ಬರು ವಿಭೂತಿ ತಂದರು. ನಾನು ಹಿಂದಿನಿಂದ ಬಂದು ಮೈ ಮುಟ್ಟಿದರೆ ಕಾದ ಹಂಚಿನಂತಿತ್ತು. ಅದು ಉಷ್ಣಾಘಾತ. ನೆರಳಿಗೆ ಒಯ್ದು, ಅಂಗಿ ಕಳಚಿ, ಎಲ್ಲರ ಬಾಟಲಿಗಳ ನೀರನ್ನು ತಲೆ, ಕತ್ತು, ಕಂಕುಳು, ತೊಡೆಸಂದುಗಳಿಗೆ ಸುರಿದು, ನಾಲ್ವರು ಟವೆಲಿನಿಂದ ಗಾಳಿ ಹಾಕುತ್ತಲೇ ಇದ್ದೆವು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಲು ಬಂದವರನ್ನು ತಡೆದೆ. ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಅರ್ಧ ಗಂಟೆಯ ಮೇಲೆ ಕಣ್ಣು ತೆರೆದು ಹೆಸರು ಹೇಳಿದ. ಕಂಬಳಿಯಲ್ಲಿ ಹೊತ್ತು ಕೈಲಾಸದ್ವಾರಕ್ಕೆ ತಂದು, ಅಲ್ಲಿಂದ ವಾಹನದಲ್ಲಿ ಆಸ್ಪತ್ರೆಗೆ ಕಳುಹಿಸಿದೆವು. ಮೂತ್ರಪಿಂಡಗಳಿಗೂ ಪೆಟ್ಟು ಬಿದ್ದಿತ್ತು. ಚೇತರಿಸಿಕೊಳ್ಳಲು ವಾರವೇ ಹಿಡಿಯಿತು. ಆಮೇಲೆ ತಿಳಿದದ್ದು: ಮೊಣಕಾಲು ನೋವೆಂದು ಮೂರು ದಿನಗಳಿಂದ ನೋವಿನ ಗುಳಿಗೆ ನುಂಗುತ್ತಿದ್ದ, ಅಂದು ಬೆಳಿಗ್ಗೆಯಿಂದ ಕುಡಿದದ್ದು ಒಂದೇ ಬಾಟಲಿ ನೀರು.

ಡೈಕ್ಲೊಫೆನಾಕ್, ಐಬುಪ್ರೊಫೇನ್ ಮೊದಲಾದ ಗುಳಿಗೆಗಳನ್ನು ಯಾತ್ರಿಕರು ಪೆಪ್ಪರಮಿಂಟಿನಂತೆ ಹಂಚಿಕೊಳ್ಳುವುದನ್ನು ಪ್ರತಿವರ್ಷ ನೋಡುತ್ತೇನೆ. ನೀರು ಬತ್ತಿದ ದೇಹದಲ್ಲಿ ಅವು ಮೂತ್ರಪಿಂಡಗಳನ್ನು ಕೆಡಿಸುತ್ತವೆ. ಆಯುರ್ವೇದ ವೈದ್ಯನಾದುದರಿಂದ ಹೀಗೆನ್ನುತ್ತಿದ್ದೇನೆಂದು ಭಾವಿಸಬೇಡಿ, ಅಲೋಪಥಿ ವೈದ್ಯರೂ ಇದನ್ನೇ ಹೇಳುತ್ತಾರೆ. ಬಿಸಿಲಿನಲ್ಲಿ ನಡೆದವರ ಮಾತು ತೊದಲಿದರೆ, ನಡಿಗೆ ತಪ್ಪಿದರೆ, ಮೊದಲು ತಣ್ಣೀರು ಸುರಿಯಿರಿ, 108ಕ್ಕೆ ಕರೆ ಮಾಡಿರಿ. ನಡೆಯುವಾಗ ಎದೆ ಬಿಗಿದು ನೋವು ಎಡಗೈಗೋ ದವಡೆಗೋ ಹಬ್ಬಿದರೆ ಅದನ್ನು ವಾಯುವೆಂದು ತಿಳಿದು ಓಮ ತಿನ್ನುತ್ತ ಕೂಡ್ರಬಾರದು.

ತಂಡ ಹೊರಡುವ ಮುನ್ನ ಇಬ್ಬಿಬ್ಬರ ಜೋಡಿ ಮಾಡಿರಿ. ನಡಿಗೆಯ ವೇಗವನ್ನು ನಿರ್ಧರಿಸುವವನು ಎಲ್ಲರಿಗಿಂತ ನಿಧಾನವಾಗಿ ನಡೆಯುವವನಾಗಿರಲಿ. ಟ್ರ್ಯಾಕ್ಟರ್ ಹತ್ತಿದವರನ್ನು ಹಾಸ್ಯ ಮಾಡುವುದಿಲ್ಲವೆಂದು ಎಲ್ಲರೂ ಕಂಬಿಯ ಮುಂದೆ ಒಪ್ಪಿಕೊಳ್ಳಲಿ. ಆ ಯುವಕ ಬೆಳಿಗ್ಗೆಯೇ ತನಗಾಗದೆಂದು ಹೇಳಲು ನಾಚಿದ್ದು ಈ ಹಾಸ್ಯಕ್ಕೆ ಹೆದರಿಯೇ.

ಬೆರಳು ಕಳೆದುಕೊಂಡ ಆ ಹಿರಿಯರು ಈಗ ನಡೆಯುವುದಿಲ್ಲ. ಪ್ರತಿವರ್ಷ ತಂಡದ ಟ್ರ್ಯಾಕ್ಟರಿನಲ್ಲಿ ಕುಳಿತು ಹೋಗುತ್ತಾರೆ; ಮಜ್ಜಿಗೆಯ ಕ್ಯಾನು ಅವರ ಉಸ್ತುವಾರಿ. ಉಪ್ಪು ಸರಿಯಾಗಿದೆಯೇ ಎಂದು ಸ್ವತಃ ರುಚಿ ನೋಡದೆ ಯಾರಿಗೂ ಕೊಡುವುದಿಲ್ಲವಂತೆ. ಕಳೆದ ವಾರ ಮಗನನ್ನು ಕರೆದುಕೊಂಡು ಬಂದಿದ್ದರು. ಮಗನಿಗೂ ಈಗ ನಾಲ್ವತ್ತು ದಾಟಿದೆ, ಮೊದಲ ಸಲ ಹೊರಟಿದ್ದಾನೆ. ಕುರ್ಚಿಯಲ್ಲಿ ಕುಳಿತವನೇ ನಾನು ಕೇಳುವ ಮೊದಲು ಎರಡೂ ಕಾಲುಗಳನ್ನು ಮುಂದಕ್ಕೆ ಚಾಚಿದ. ಆರು ಬೆರಳುಗಳನ್ನೂ ಮುಟ್ಟಿದೆ, ಆರೂ ಸರಿಯಾಗಿ ಹೇಳಿದ. ತಂದೆ ಕೈಚೀಲದಿಂದ ಹೊಸ ಬೂಟು ತೆಗೆದು ಅವನಿಗೆ ತೊಡಿಸಿ, ಚಿಕಿತ್ಸಾಲಯದ ಪಡಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ನಾಲ್ಕು ಸಲ ನಡೆಸಿ, “ಬಳ್ಳಿಗೆ ಬಡೀತೈತೇನ್ ನೋಡ್ರಿ ಸಾಹೇಬ್ರ” ಎಂದರು.